ತಾಳುವುದು ಬೇರೆ, ಬಗ್ಗುವುದು ಬೇರೆ

ನಮ್ಮ ಹಿರಿಯರು ನಮಗೆ ಎರಡು ಗಾದೆಗಳನ್ನು ಬಿಟ್ಟುಹೋಗಿದ್ದಾರೆ. ಒಂದು, ‘ತಾಳಿದವನು ಬಾಳಿಯಾನು’. ಇನ್ನೊಂದು, ‘ಬಗ್ಗಿದವನಿಗೆ ಒಂದು ಗುದ್ದು ಹೆಚ್ಚು’. ಮೇಲ್ನೋಟಕ್ಕೆ ಇವೆರಡೂ ಒಂದಕ್ಕೊಂದು ಎದುರಾಗಿ ನಿಂತಂತೆ ಕಾಣುತ್ತವೆ. ಮೊದಲನೆಯದು ‘ಸಹಿಸಿಕೋ’ ಎನ್ನುತ್ತದೆ. ಎರಡನೆಯದು ‘ಸಹಿಸಿಕೊಂಡೇ ಇದ್ದರೆ ಇನ್ನಷ್ಟು ತಿನ್ನಬೇಕಾದೀತು’ ಎಂದು ಎಚ್ಚರಿಸುತ್ತದೆ. ಮನೆಯಲ್ಲಿ, ಊರಿನಲ್ಲಿ ತಕರಾರು ಬಂದಾಗ ನಾವು ನಮ್ಮ ಅನುಕೂಲಕ್ಕೆ ತಕ್ಕಂತೆ ಇವುಗಳಲ್ಲಿ ಒಂದನ್ನು ಎತ್ತಿಕೊಳ್ಳುತ್ತೇವೆ. ಪೆಟ್ಟು ತಿನ್ನುತ್ತಿರುವವರು ಬೇರೆಯವರಾದರೆ ಮೊದಲನೆಯ ಗಾದೆ ನೆನಪಾಗುತ್ತದೆ. ನಾವೇ ಆದರೆ ಎರಡನೆಯದು.

ಆದರೆ ಪ್ರಶ್ನೆ ಗಾದೆಗಳದ್ದಲ್ಲ, ಬದುಕಿನದು. ನಮಗಿಂತ ಬಲವಾದವನು, ಅದರಲ್ಲೂ ‘ನಾನು ನಿನ್ನ ಬಂಧು, ನಿನ್ನ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ’ ಎನ್ನುವವನು ಬಲವಂತಕ್ಕೆ ನಿಂತರೆ ಏನು ಮಾಡಬೇಕು? ಮಣಿದರೆ ನಿಜವಾದ ಶಾಂತಿ ಸಿಗುತ್ತದೆಯೇ? ಮಣಿಯದೆ ಹೋದರೆ ಅದು ಅಹಂಕಾರವೇ? ಮಣಿಯದೆ ಇರುವಾಗ ನಾವೂ ಅವನಂತೆಯೇ ಆಗಿಬಿಡುವುದಿಲ್ಲವೇ? ಪ್ರಿಯ ಓದುಗರೇ, ಈ ಪ್ರಶ್ನೆಗಳನ್ನು ಹೊತ್ತುಕೊಂಡು 2016ರಿಂದ 2024ರವರೆಗೆ, ಎಂಟು ವರ್ಷ, ಒಂದು ಪುಟ್ಟ ದ್ವೀಪದ ಆಡಳಿತ ನಡೆಸಿದ ಹೆಣ್ಣುಮಗಳೊಬ್ಬರಿದ್ದಾರೆ. ಅವರು ತೈವಾನಿನ ಅಧ್ಯಕ್ಷರಾಗಿದ್ದ ತ್ಸಾಯ್ ಇಂಗ್‌ವೆನ್. ಅವರ ಅನುಭವವನ್ನು ಮುಂದಿಟ್ಟುಕೊಂಡು ಈ ವಿಷಯವನ್ನು ಸ್ವಲ್ಪ ಯೋಚಿಸೋಣ.

ದ್ವೀಪ ಮತ್ತು ದೊಡ್ಡಮನೆ

ತೈವಾನ್ ಚೀನಾದ ಆಗ್ನೇಯ ಕರಾವಳಿಯಾಚೆ ಇರುವ ದ್ವೀಪ. ನಡುವಿನ ಸಮುದ್ರ ತೀರಾ ಕಿರಿದಾದ ಕಡೆ ಸುಮಾರು 130 ಕಿಲೋಮೀಟರ್. ದ್ವೀಪದ ವಿಸ್ತೀರ್ಣ ಸುಮಾರು 36 ಸಾವಿರ ಚದರ ಕಿಲೋಮೀಟರ್, ಅಂದರೆ ನಮ್ಮ ಕರ್ನಾಟಕದ ಐದನೇ ಒಂದು ಪಾಲಿಗಿಂತಲೂ ಕಡಿಮೆ. ಜನಸಂಖ್ಯೆ 2 ಕೋಟಿ 30 ಲಕ್ಷದ ಆಸುಪಾಸು. ಎದುರಿಗಿರುವ ಚೀನಾದ ಜನಸಂಖ್ಯೆ 140 ಕೋಟಿ. ನಮ್ಮ ಫೋನುಗಳೊಳಗೆ, ಕಂಪ್ಯೂಟರುಗಳೊಳಗೆ ಇರುವ ಅತ್ಯಾಧುನಿಕ ಚಿಪ್‌ಗಳಲ್ಲಿ ಬಹುಪಾಲು ಈ ಪುಟ್ಟ ದ್ವೀಪದಲ್ಲೇ ತಯಾರಾಗುತ್ತವೆ. ದೇವನಹಳ್ಳಿಯ ಬಳಿ ಕಾರ್ಖಾನೆ ಹಾಕಿರುವ ಫಾಕ್ಸ್‌ಕಾನ್ ಕಂಪನಿಯೂ ತೈವಾನಿನದೇ.

ಈ ದ್ವೀಪಕ್ಕೆ ಸ್ವಾತಂತ್ರ್ಯ ಸುಲಭವಾಗಿ ಸಿಕ್ಕಿದ್ದಲ್ಲ. 1895ರಿಂದ 1945ರವರೆಗೆ ಅದು ಜಪಾನಿನ ಆಳ್ವಿಕೆಯಲ್ಲಿತ್ತು. ಬಳಿಕ ಚೀನಾದ ರಾಷ್ಟ್ರೀಯವಾದಿ ಸರ್ಕಾರದ ಕೈಗೆ ಬಂದಿತು. 1947ರ ಫೆಬ್ರವರಿ ಕೊನೆಯಲ್ಲಿ ಆ ಸರ್ಕಾರದ ವಿರುದ್ಧ ಜನ ಎದ್ದಾಗ ಸೈನ್ಯ ಸಾವಿರಾರು ಮಂದಿಯನ್ನು ಕೊಂದಿತು. 1949ರಲ್ಲಿ ಚೀನಾದ ಅಂತರ್ಯುದ್ಧದಲ್ಲಿ ಕಮ್ಯುನಿಸ್ಟರಿಗೆ ಸೋತ ಚಿಯಾಂಗ್ ಕೈ-ಶೇಕ್ ತನ್ನ ಸರ್ಕಾರವನ್ನೂ ಸೈನ್ಯವನ್ನೂ ಈ ದ್ವೀಪಕ್ಕೆ ಸಾಗಿಸಿದರು. ಅದೇ ವರ್ಷ ಹೇರಲಾದ ಮಾರ್ಷಲ್ ಲಾ 1987ರ ಜುಲೈವರೆಗೆ, 38 ವರ್ಷ, ಜಾರಿಯಲ್ಲಿತ್ತು. ಅಷ್ಟು ದೀರ್ಘ ಕತ್ತಲೆಯ ನಂತರ 1996ರಲ್ಲಿ ಜನ ಮೊದಲ ಬಾರಿಗೆ ತಮ್ಮ ಅಧ್ಯಕ್ಷರನ್ನು ನೇರವಾಗಿ ಆರಿಸಿದರು. ಆ ಚುನಾವಣೆಯ ಹೊತ್ತಿನಲ್ಲೇ ಚೀನಾ ದ್ವೀಪದ ಹತ್ತಿರದ ಸಮುದ್ರಕ್ಕೆ ಕ್ಷಿಪಣಿಗಳನ್ನು ಹಾರಿಸಿ ಹೆದರಿಸಿತು. ಜನ ಹೆದರದೆ ಹೋಗಿ ಮತ ಹಾಕಿ ಬಂದರು.

ಚೀನಾದ ವಾದ ಏನು? ‘ಜಲಸಂಧಿಯ ಎರಡು ದಡದವರೂ ಒಂದೇ ಮನೆಯವರು’ ಎಂದು ಅಲ್ಲಿನ ನಾಯಕರು ಮತ್ತೆ ಮತ್ತೆ ಹೇಳುತ್ತಾರೆ. ಈ ಮಾತನ್ನು ಪೂರ್ತಿ ತಳ್ಳಿಹಾಕುವಂತಿಲ್ಲ. ತೈವಾನಿನ ಬಹುಪಾಲು ಜನರ ಪೂರ್ವಜರು ಚೀನಾದಿಂದ ಬಂದವರು. ಭಾಷೆ, ಹಬ್ಬ, ಅಡುಗೆ, ಪಿತೃಗಳಿಗೆ ಸಲ್ಲಿಸುವ ಗೌರವ, ಎಲ್ಲದರಲ್ಲೂ ನಂಟಿದೆ. ಆದರೆ ಅದೇ ಚೀನಾ 2005ರಲ್ಲಿ, ಅಗತ್ಯ ಬಿದ್ದರೆ ತೈವಾನಿನ ಮೇಲೆ ಶಾಂತಿಯುತವಲ್ಲದ ಮಾರ್ಗವನ್ನೂ ಬಳಸಬಹುದು ಎಂದು ಕಾನೂನು ಮಾಡಿಕೊಂಡಿದೆ. ಒಂದು ಕೈಯಲ್ಲಿ ಬೀಗರ ಊಟದ ಕರೆಯೋಲೆ, ಇನ್ನೊಂದು ಕೈಯಲ್ಲಿ ದೊಣ್ಣೆ!

ಇಲ್ಲಿಯೇ ನೈತಿಕ ಪ್ರಶ್ನೆ ಹುಟ್ಟುತ್ತದೆ. ಬಂಧುತ್ವ ಎಂಬುದು ಹಕ್ಕೋ, ಹೊಣೆಯೋ? ರಕ್ತಸಂಬಂಧ ಇದೆ ಎಂಬ ಒಂದೇ ಕಾರಣಕ್ಕೆ ಒಬ್ಬರು ಇನ್ನೊಬ್ಬರ ಮನೆಯ ಬೀಗದ ಕೈ ಕೇಳಬಹುದೇ? ಸಂಬಂಧ ನಿಜವಾಗಿದ್ದರೆ ಅದು ಕೇಳಿಕೊಳ್ಳುತ್ತದೆ, ಕಾಯುತ್ತದೆ, ‘ಇಲ್ಲ’ ಎಂಬ ಉತ್ತರವನ್ನೂ ಸಹಿಸಿಕೊಳ್ಳುತ್ತದೆ. ‘ಇಲ್ಲ’ ಎನ್ನುವ ಸ್ವಾತಂತ್ರ್ಯವೇ ಇಲ್ಲದ ಕಡೆ ‘ಹೌದು’ ಎಂಬ ಮಾತಿಗೂ ಬೆಲೆಯಿಲ್ಲ. ಮದುವೆಯಲ್ಲಿ ವಧುವರರ ಸಮ್ಮತಿಯನ್ನು ಎಲ್ಲರೆದುರು ಬಾಯಿಬಿಟ್ಟು ಕೇಳುವುದೂ ಇದೇ ಕಾರಣಕ್ಕಾಗಿಯೇ ಅಲ್ಲವೇ? ಹೆದರಿಸಿ ಪಡೆದ ಸಮ್ಮತಿ ಸಮ್ಮತಿಯೇ ಅಲ್ಲ. ಇಬ್ಬರು ವ್ಯಕ್ತಿಗಳಿಗೆ ಸಲ್ಲುವ ಈ ನ್ಯಾಯ ಎರಡು ಜನಸಮುದಾಯಗಳಿಗೆ ಸಲ್ಲಬಾರದು ಎನ್ನಲು ಕಾರಣ ಕಾಣುವುದಿಲ್ಲ.

ನಾಯಕರ ಮಗಳಲ್ಲ, ಮಡದಿಯೂ ಅಲ್ಲ

ತ್ಸಾಯ್ ಇಂಗ್‌ವೆನ್ ಹುಟ್ಟಿದ್ದು 1956ರಲ್ಲಿ. ತಂದೆ ವ್ಯಾಪಾರಸ್ಥರು. 11 ಮಕ್ಕಳ ದೊಡ್ಡ ಕುಟುಂಬದಲ್ಲಿ ಇವರೇ ಕೊನೆಯವರು. ಕಾನೂನು ಓದಿ, ಲಂಡನ್ನಿನಲ್ಲಿ 1984ರಲ್ಲಿ ಡಾಕ್ಟರೇಟ್ ಪಡೆದು, ಊರಿಗೆ ಮರಳಿ ಪಾಠ ಹೇಳಿದರು. ಆಮೇಲೆ ಸರ್ಕಾರದ ಪರವಾಗಿ ವಿದೇಶ ವ್ಯಾಪಾರದ ಮಾತುಕತೆಗಳಲ್ಲಿ ಕುಳಿತರು. ಅಲ್ಪವಿರಾಮಕ್ಕೂ ವಾರಗಟ್ಟಲೆ ಚೌಕಾಸಿ ನಡೆಯುವ ಕೆಲಸ ಅದು. ಏರುದನಿಯ ಭಾಷಣ ಅವರಿಗೆ ಒಗ್ಗಿದ್ದಲ್ಲ. 2008ರಲ್ಲಿ ಅವರ ಪಕ್ಷ ಹೀನಾಯವಾಗಿ ಸೋತು, ಅದರ ಹಿಂದಿನ ನಾಯಕರ ಮೇಲೆ ಭ್ರಷ್ಟಾಚಾರದ ಆರೋಪ ಬಂದು, ಯಾರೂ ಮುಂದೆ ಬರಲು ಹಿಂಜರಿಯುತ್ತಿದ್ದಾಗ ಅವರು ಪಕ್ಷದ ಹೊಣೆ ಹೊತ್ತರು. 2012ರಲ್ಲಿ ಅಧ್ಯಕ್ಷ ಸ್ಥಾನಕ್ಕೆ ನಿಂತು ಸೋತರು. 2016ರ ಜನವರಿಯಲ್ಲಿ ಶೇಕಡಾ 56ರಷ್ಟು ಮತ ಪಡೆದು ಗೆದ್ದರು.

ಏಷ್ಯಾ ಖಂಡ ಮಹಿಳಾ ನಾಯಕರನ್ನು ಕಾಣದೆ ಇಲ್ಲ. ಶ್ರೀಲಂಕಾದ ಸಿರಿಮಾವೋ ಬಂಡಾರನಾಯಕೆ, ನಮ್ಮ ಇಂದಿರಾ ಗಾಂಧಿ, ಪಾಕಿಸ್ತಾನದ ಬೆನಜೀರ್ ಭುಟ್ಟೋ, ಫಿಲಿಪ್ಪೀನ್ಸಿನ ಕೊರಜೋನ್ ಅಕ್ವಿನೋ ಎಲ್ಲರೂ ಹೆಸರಾದವರೇ. ಆದರೆ ಇವರೆಲ್ಲ ಒಬ್ಬ ನಾಯಕರ ಮಗಳಾಗಿ ಇಲ್ಲವೇ ವಿಧವೆಯಾಗಿ ಜನರ ಮುಂದೆ ಬಂದವರು. ತ್ಸಾಯ್ ಅವರ ಬೆನ್ನಿಗೆ ಅಂಥ ಮನೆತನ ಇರಲಿಲ್ಲ. ಅವರು ಮದುವೆಯಾದವರೂ ಅಲ್ಲ. ಅಧಿಕಾರ ವಹಿಸಿಕೊಂಡ 2016ರ ಮೇ ತಿಂಗಳಲ್ಲೇ ಚೀನಾದ ಅಧಿಕೃತ ಸುದ್ದಿಸಂಸ್ಥೆಗೆ ಸೇರಿದ ಪತ್ರಿಕೆಯೊಂದು, ಗಂಡ ಮಕ್ಕಳಿಲ್ಲದ ಹೆಂಗಸಾದ್ದರಿಂದ ಆಕೆಯ ರಾಜಕೀಯ ಅತಿರೇಕದ್ದು, ಭಾವಾವೇಶದ್ದು ಎಂಬ ಅರ್ಥದ ಲೇಖನ ಪ್ರಕಟಿಸಿತು. ಟೀಕೆ ಬಂದ ಮೇಲೆ ಅದನ್ನು ತೆಗೆದುಹಾಕಿದರು. ಗಟ್ಟಿಯಾಗಿ ನಿಂತ ಹೆಣ್ಣಿನ ಮಾತಿಗೆ ಉತ್ತರ ಹೊಳೆಯದಿದ್ದಾಗ ಅವಳ ಮನೆಯ ಕಡೆ ಬೆರಳು ತೋರಿಸುವುದು ನಮ್ಮ ಊರುಗಳಲ್ಲೂ ಹೊಸದೇನಲ್ಲ. ತ್ಸಾಯ್ ಆ ಜಗಳಕ್ಕೆ ಇಳಿಯದೆ ತಮ್ಮ ಕೆಲಸ ನೋಡಿಕೊಂಡರು.

ಬಗ್ಗಿಸುವ ಉಪಾಯಗಳು

ಬಲವಂತ ಎಂದರೆ ಯಾವಾಗಲೂ ತೋಪು, ಕ್ಷಿಪಣಿ ಎಂದಲ್ಲ. ಮನೆಯಲ್ಲಿ ಒಬ್ಬರನ್ನು ಬಗ್ಗಿಸಬೇಕಾದರೆ ಮೊದಲು ಮಾತು ಬಿಡುತ್ತಾರೆ. ನಂತರ ನಂಟರಿಷ್ಟರನ್ನು ದೂರ ಮಾಡುತ್ತಾರೆ. ಆಮೇಲೆ ಹೊಟ್ಟೆಪಾಡಿಗೆ ಕೈ ಹಾಕುತ್ತಾರೆ. ದೇಶಗಳ ನಡುವೆ ನಡೆಯುವುದೂ ಇದೇ. 2016ರ ಜೂನ್‌ನಲ್ಲಿ ಚೀನಾ ತ್ಸಾಯ್ ಸರ್ಕಾರದೊಂದಿಗಿನ ಅಧಿಕೃತ ಮಾತುಕತೆಯನ್ನು ನಿಲ್ಲಿಸಿತು. ‘ಎರಡು ದಡಗಳೂ ಒಂದೇ ಚೀನಾಕ್ಕೆ ಸೇರಿದವು’ ಎಂಬ ಒಮ್ಮತ 1992ರಲ್ಲೇ ಆಗಿದೆ ಎಂಬುದನ್ನು ಅವರು ಒಪ್ಪಲಿಲ್ಲ ಎಂಬುದೇ ಕಾರಣ. 2017ರಿಂದ ವಿಶ್ವ ಆರೋಗ್ಯ ಸಂಸ್ಥೆಯ ವಾರ್ಷಿಕ ಸಭೆಗೆ ತೈವಾನಿಗೆ ವೀಕ್ಷಕರಾಗಿಯೂ ಆಹ್ವಾನ ಸಿಗಲಿಲ್ಲ. ತ್ಸಾಯ್ ಅಧಿಕಾರಕ್ಕೆ ಬಂದಾಗ 22 ರಾಷ್ಟ್ರಗಳು ತೈವಾನಿನೊಂದಿಗೆ ಪೂರ್ಣ ರಾಜತಾಂತ್ರಿಕ ಸಂಬಂಧ ಇಟ್ಟುಕೊಂಡಿದ್ದವು. ಅವರು ಇಳಿಯುವ ಹೊತ್ತಿಗೆ ಉಳಿದವು 12. ಪನಾಮ, ಎಲ್ ಸಾಲ್ವಡೋರ್, ನಿಕರಾಗುವಾ, ಹೊಂಡುರಾಸ್, ಹೀಗೆ ಒಂದೊಂದಾಗಿ ಚೀನಾದ ಕಡೆಗೆ ಹೋದವು.

2021ರ ಮಾರ್ಚ್‌ನಲ್ಲಿ ತೈವಾನಿನ ಅನಾನಸ್ ಹಣ್ಣಿಗೆ ಚೀನಾ ಬಾಗಿಲು ಮುಚ್ಚಿತು. ಹಣ್ಣಿನಲ್ಲಿ ಹುಳು ಎಂದು ಕಾರಣ ಹೇಳಲಾಯಿತು. ಹೊರದೇಶಕ್ಕೆ ಹೋಗುತ್ತಿದ್ದ ಅನಾನಸಿನಲ್ಲಿ ಶೇಕಡಾ 90ಕ್ಕೂ ಹೆಚ್ಚು ಹೋಗುತ್ತಿದ್ದುದು ಚೀನಾಕ್ಕೇ. ಅದು ಸುಗ್ಗಿಗೆ ಸ್ವಲ್ಪ ಮುಂಚಿನ ಕಾಲ. ಬೆಳೆಗಾರನ ಎದೆ ಹೇಗೆ ಹೊಡೆದುಕೊಂಡಿರಬೇಕು ಎಂಬುದು ಅಡಿಕೆ, ಶುಂಠಿ ಬೆಳೆಯುವ ನಮಗೆ ಹೇಳಿಕೊಡಬೇಕಾಗಿಲ್ಲ. ತ್ಸಾಯ್ ಪ್ರತೀಕಾರದ ಮಾತಾಡಲಿಲ್ಲ. ‘ನಮ್ಮ ರೈತರ ಹಣ್ಣು ಕೊಳ್ಳಿ’ ಎಂದು ತಮ್ಮ ಜನರನ್ನೂ ನೆರೆಯ ರಾಷ್ಟ್ರಗಳನ್ನೂ ಕೇಳಿಕೊಂಡರು. ಊರಿನ ಜನ ಕೊಂಡರು, ಜಪಾನಿನವರೂ ಕೊಂಡರು. ರೈತರು ಆ ಸುಗ್ಗಿಯನ್ನು ದಾಟಿದರು.

ಇನ್ನೊಂದು ಪ್ರಸಂಗ ತ್ಸಾಯ್ ಗೆದ್ದ ದಿನದ ಹಿಂದಿನ ದಿನದ್ದು. ಕೊರಿಯಾದಲ್ಲಿ ಹಾಡುತ್ತಿದ್ದ 16 ವರ್ಷದ ತೈವಾನಿನ ಹುಡುಗಿಯೊಬ್ಬಳು ಟೀವಿ ಕಾರ್ಯಕ್ರಮವೊಂದರಲ್ಲಿ ತನ್ನ ನಾಡಿನ ಪುಟ್ಟ ಬಾವುಟ ಹಿಡಿದಿದ್ದಳು. ಅಷ್ಟಕ್ಕೇ ಚೀನಾದಲ್ಲಿ ಗದ್ದಲವೆದ್ದಿತು. ಕಾರ್ಯಕ್ರಮಗಳು ರದ್ದಾದವು. ಕೊನೆಗೆ ಅವಳು ಕ್ಯಾಮೆರಾದ ಮುಂದೆ ತಲೆ ಬಾಗಿಸಿ, ಕಾಗದ ನೋಡಿಕೊಂಡು ಕ್ಷಮೆ ಓದಬೇಕಾಯಿತು. ಆ ರಾತ್ರಿ ತೈವಾನಿನ ಎಷ್ಟೋ ತಂದೆತಾಯಿಯರು ಆ ಚಿತ್ರ ನೋಡಿದರು. ಬಗ್ಗುವುದು ಎಂದರೆ ಏನು ಎಂಬುದನ್ನು ಯಾವ ಭಾಷಣವೂ ಅಷ್ಟು ಸ್ಪಷ್ಟವಾಗಿ ಹೇಳಿರಲಾರದು. ಬಾವುಟ ಹಿಡಿದ ಮಗುವೂ ಕ್ಷಮೆ ಕೇಳಬೇಕಾದರೆ ಮುಂದೆ ಇನ್ನಾವುದಕ್ಕೆಲ್ಲ ಕೇಳಬೇಕಾದೀತು?

2019ರ ಜನವರಿ 2ರಂದು ಚೀನಾದ ಅಧ್ಯಕ್ಷ ಷಿ ಜಿನ್‌ಪಿಂಗ್, ‘ಒಂದು ದೇಶ, ಎರಡು ವ್ಯವಸ್ಥೆ’ ಎಂಬ ಸೂತ್ರದಡಿ ತೈವಾನ್ ಸೇರಬೇಕು ಎಂದು ಘೋಷಿಸಿದರು. ಬಲಪ್ರಯೋಗ ಮಾಡುವುದಿಲ್ಲ ಎಂಬ ಮಾತು ಕೊಡಲು ನಾವು ಸಿದ್ಧರಿಲ್ಲ ಎಂದೂ ಹೇಳಿದರು. ತ್ಸಾಯ್ ಅದೇ ದಿನ ಆ ಸೂತ್ರವನ್ನು ಒಪ್ಪುವುದಿಲ್ಲವೆಂದು ತಿಳಿಸಿದರು. ಅದೇ ಸೂತ್ರದಡಿ 50 ವರ್ಷಗಳ ಭರವಸೆ ಪಡೆದು 1997ರಲ್ಲಿ ಚೀನಾಕ್ಕೆ ಸೇರಿದ್ದ ಹಾಂಗ್‌ಕಾಂಗ್ 2019ರ ಜೂನ್ ಹೊತ್ತಿಗೆ ಬೀದಿಗಿಳಿದಿತ್ತು. 2020ರ ಜೂನ್ ಕೊನೆಗೆ ಬಂದ ಭದ್ರತಾ ಕಾನೂನು ಅಲ್ಲಿನ ಬಾಯಿಗಳಿಗೆ ಬೀಗ ಹಾಕಿತು. 50 ವರ್ಷದ ಮಾತು 23 ವರ್ಷಕ್ಕೇ ಮುಗಿಯಿತು. ಹಾಂಗ್‌ಕಾಂಗಿನ ಬೀದಿಗಳನ್ನು ನೋಡುತ್ತಿದ್ದ ತೈವಾನಿನ ಜನ, ಆ ಕಾನೂನು ಬರುವ ಮೊದಲೇ, 2020ರ ಜನವರಿಯಲ್ಲಿ ತ್ಸಾಯ್ ಅವರಿಗೆ 81 ಲಕ್ಷಕ್ಕೂ ಹೆಚ್ಚು ಮತ ಕೊಟ್ಟು ಮತ್ತೆ ಆರಿಸಿದರು.

ತಾಳ್ಮೆಯೆಂಬ ಧೈರ್ಯ

ಈಗ ಗಮನಿಸಬೇಕಾದ ವಿಷಯ ಇದು. ತ್ಸಾಯ್ ಬಗ್ಗಲಿಲ್ಲ, ಕೆಣಕಲೂ ಇಲ್ಲ. ‘ಇನ್ನೇಕೆ ತಡ? ತೈವಾನ್ ಸ್ವತಂತ್ರ ರಾಷ್ಟ್ರ ಎಂದು ಘೋಷಿಸಿಬಿಡಿ’ ಎಂದು ಅವರ ಬೆಂಬಲಿಗರಲ್ಲೇ ಹಲವರು ಒತ್ತಾಯಿಸುತ್ತಿದ್ದರು. ಅವರು ಘೋಷಿಸಲಿಲ್ಲ. ಇದ್ದ ಸ್ಥಿತಿ ಇದ್ದಂತೆಯೇ ಇರಲಿ, ಸಮಾನರಾಗಿ, ಷರತ್ತಿಲ್ಲದೆ ಮಾತಾಡುವುದಾದರೆ ನಾವು ಯಾವಾಗಲೂ ಸಿದ್ಧ ಎಂಬುದೇ ಅವರ ನಿಲುವಾಗಿತ್ತು. 2022ರ ಆಗಸ್ಟ್‌ನಲ್ಲಿ, ಅಮೆರಿಕದ ಪ್ರತಿನಿಧಿ ಸಭೆಯ ಸ್ಪೀಕರ್ ಬಂದುಹೋದ ಸಿಟ್ಟಿಗೆ ಚೀನಾ ದ್ವೀಪದ ಸುತ್ತ ಕ್ಷಿಪಣಿಗಳನ್ನು ಉದುರಿಸಿದಾಗಲೂ ತೈವಾನ್ ತಿರುಗಿ ದಾಳಿ ಮಾಡಲಿಲ್ಲ.

ಇದು ಹೇಡಿತನವೇ? ಹದಿಮೂರನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಧೈರ್ಯ ಎಂಬ ಸದ್ಗುಣವನ್ನು ಕುರಿತು ಬರೆಯುವಾಗ ನಮಗೆ ಅಚ್ಚರಿ ಹುಟ್ಟಿಸುವ ಮಾತೊಂದನ್ನು ಹೇಳುತ್ತಾರೆ. ಧೈರ್ಯದ ಮುಖ್ಯ ಕೆಲಸ ಮೇಲೆ ಬೀಳುವುದಲ್ಲ, ತಾಳಿ ನಿಲ್ಲುವುದು. ಅವರು ಕೊಡುವ ಕಾರಣಗಳು ಮೂರು. ಮೇಲೆ ಬೀಳುವವನು ತಾನು ಬಲಶಾಲಿ ಎಂದುಕೊಂಡಿರುತ್ತಾನೆ, ತಾಳುವವನು ತನಗಿಂತ ಬಲಶಾಲಿಯನ್ನು ಎದುರಿಸುತ್ತಾನೆ. ಮೇಲೆ ಬೀಳುವವನಿಗೆ ಅಪಾಯ ಮುಂದೆಂದೋ ಬರುವಂಥದ್ದು, ತಾಳುವವನಿಗೆ ಅದು ಈಗಾಗಲೇ ಬಾಗಿಲಲ್ಲಿದೆ. ಮೇಲೆ ಬೀಳುವುದು ಕ್ಷಣದ ಕೆಲಸ, ತಾಳುವುದಕ್ಕೆ ದೀರ್ಘಕಾಲ ಬೇಕು. ಇದನ್ನು ಓದುವಾಗ ಆ ಪುಟ್ಟ ದ್ವೀಪದ ಚಿತ್ರವೇ ಕಣ್ಣ ಮುಂದೆ ಬರುತ್ತದೆ. ಬಲಶಾಲಿ ಎದುರಾಳಿ, ಬಾಗಿಲಲ್ಲೇ ನಿಂತ ಅಪಾಯ, ಎಂದು ಮುಗಿಯುವುದೋ ತಿಳಿಯದ ಕಾಲ. ನಮ್ಮ ಎರಡು ಗಾದೆಗಳ ಜಗಳವೂ ಇಲ್ಲಿ ತೀರುತ್ತದೆ. ತಾಳುವವನು ತನ್ನ ಜಾಗದಲ್ಲೇ ಇರುತ್ತಾನೆ. ಬಗ್ಗುವವನು ಜಾಗ ಬಿಟ್ಟುಕೊಡುತ್ತಾನೆ. ಹೊರಗಿನಿಂದ ಎರಡೂ ಸುಮ್ಮನಿರುವಿಕೆಯಂತೆಯೇ ಕಾಣಬಹುದು, ಒಳಗೆ ಅವು ಬೇರೆ ಬೇರೆ.

ಆದರೂ ಒಂದು ಆಕ್ಷೇಪವನ್ನು ಪ್ರಾಮಾಣಿಕವಾಗಿ ಎದುರಿಸಲೇಬೇಕು. ‘ನಿಮ್ಮ ಸ್ವಾತಂತ್ರ್ಯದ ಆಸೆಗೆ ಎರಡು ಕೋಟಿ ಜನರ ಪ್ರಾಣವನ್ನು ಪಣಕ್ಕಿಡಬಹುದೇ? ಯುದ್ಧವಾದರೆ ಸಾಯುವವರು ಯಾರ ಮಕ್ಕಳು?’ ಇದು ತಾಯಂದಿರ ಪ್ರಶ್ನೆ, ಹಗುರವಾಗಿ ತಳ್ಳುವಂಥದ್ದಲ್ಲ. ರಷ್ಯಾ 2022ರ ಫೆಬ್ರವರಿಯಲ್ಲಿ ಉಕ್ರೇನಿನ ಮೇಲೆ ದಂಡೆತ್ತಿ ಹೋದ ಮೇಲೆ ತೈವಾನಿನ ಪ್ರತಿ ಮನೆಯಲ್ಲೂ ಈ ಭಯ ಹೊಕ್ಕಿತ್ತು. ಅದೇ ವರ್ಷದ ಡಿಸೆಂಬರ್ 27ರಂದು ತ್ಸಾಯ್, ಯುವಕರ ಕಡ್ಡಾಯ ಸೈನಿಕ ಸೇವೆಯನ್ನು 4 ತಿಂಗಳಿಂದ 1 ವರ್ಷಕ್ಕೆ ಏರಿಸುವುದಾಗಿ ಪ್ರಕಟಿಸಿದರು. 2024ರ ಜನವರಿಯಿಂದ ಅದು ಜಾರಿಗೆ ಬಂದಿತು. ಮುಂದೆ ಚುನಾವಣೆ ಇದ್ದಾಗ ಓಟು ಕೇಳುವ ಪಕ್ಷ ಮಾಡುವ ಕೆಲಸ ಇದಲ್ಲ. ತುಂಬ ಕಷ್ಟದ ತೀರ್ಮಾನ ಎಂದು ಅವರೇ ಹೇಳಿಕೊಂಡರು. ಸಿಹಿ ಸುಳ್ಳಿಗಿಂತ ಕಹಿ ಸತ್ಯವನ್ನು ಜನರ ಮುಂದಿಡುವುದೂ ನಾಯಕತ್ವದ ಧರ್ಮ.

ಆ ತಾಯಂದಿರಿಗೆ ಪೂರ್ತಿ ಸಮಾಧಾನ ಕೊಡುವ ಉತ್ತರ ಯಾರಲ್ಲೂ ಇಲ್ಲ. ತಾಳಿ ನಿಂತವರಿಗೆ ಗೆಲುವು ಖಂಡಿತ ಎಂಬ ಮಾತನ್ನು ಚರಿತ್ರೆ ಕೊಟ್ಟಿಲ್ಲ. ಆದರೆ ಬಗ್ಗಿದರೆ ಮಕ್ಕಳು ಸುರಕ್ಷಿತ ಎಂಬ ಮಾತನ್ನೂ ಅದು ಕೊಟ್ಟಿಲ್ಲ. 38 ವರ್ಷದ ಮಾರ್ಷಲ್ ಲಾ ಕಾಲದಲ್ಲಿ ರಾತ್ರಿ ಬಾಗಿಲು ತಟ್ಟಿ ಎಳೆದೊಯ್ದ ಮಕ್ಕಳೂ ತಾಯಂದಿರ ಮಕ್ಕಳೇ ಆಗಿದ್ದರು. ಆದ್ದರಿಂದ ನಾಯಕರಾದವರು ಮಾಡಬಹುದಾದದ್ದು ಇಷ್ಟು: ಯುದ್ಧಕ್ಕೆ ತಾವಾಗಿ ನೆಪ ಕೊಡಬಾರದು, ಎದುರಾಳಿಗೆ ಇದು ಸುಲಭದ ತುತ್ತು ಎನಿಸಲೂ ಬಾರದು. ಈ ಎರಡರ ನಡುವಿನ ಇಕ್ಕಟ್ಟಿನ ದಾರಿಯಲ್ಲಿ ತ್ಸಾಯ್ ಎಂಟು ವರ್ಷ ನಡೆದರು.

ತನ್ನ ಮನೆಯೊಳಗೆ

ಹೊರಗಿನ ಬಲವಂತವನ್ನು ಎದುರಿಸುವವರ ಒಳಗೇ ಬಲವಂತದ ಬೀಜ ಮೊಳೆಯುವುದುಂಟು. ‘ದೇಶ ಅಪಾಯದಲ್ಲಿದೆ, ಈಗ ನನ್ನನ್ನು ಪ್ರಶ್ನಿಸಬೇಡಿ’ ಎನ್ನುವುದು ಎಷ್ಟು ಸುಲಭ! ಇಲ್ಲಿ 2018ನೇ ವರ್ಷ ನಮಗೆ ಒಳ್ಳೆಯ ಪಾಠ. ಆ ವರ್ಷದ ಮಾರ್ಚ್‌ನಲ್ಲಿ ಬೀಜಿಂಗಿನಲ್ಲಿ, ಅಧ್ಯಕ್ಷರು ಎರಡೇ ಅವಧಿ ಇರಬೇಕೆಂಬ ನಿಯಮವನ್ನು ಸಂವಿಧಾನದಿಂದ ತೆಗೆದುಹಾಕಿದರು. ಪರವಾಗಿ ಬಿದ್ದ ಮತ 2,958, ವಿರೋಧವಾಗಿ ಬಿದ್ದದ್ದು ಎರಡೇ ಎರಡು. ಅದೇ ವರ್ಷದ ನವೆಂಬರ್‌ನಲ್ಲಿ ತೈವಾನಿನ ಸ್ಥಳೀಯ ಚುನಾವಣೆಗಳಲ್ಲಿ ತ್ಸಾಯ್ ಅವರ ಪಕ್ಷ 22 ನಗರ-ಜಿಲ್ಲೆಗಳ ಪೈಕಿ ಕೇವಲ 6ನ್ನು ಉಳಿಸಿಕೊಂಡಿತು. ಅವರು ಆ ರಾತ್ರಿಯೇ ಸೋಲು ಒಪ್ಪಿ ಪಕ್ಷದ ಅಧ್ಯಕ್ಷ ಸ್ಥಾನಕ್ಕೆ ರಾಜೀನಾಮೆ ಕೊಟ್ಟರು. ಮರುವರ್ಷ ಅವರ ಪಕ್ಷದವರೇ ಆದ ಲಾಯ್ ಚಿಂಗ್-ತೆ ಅವರ ವಿರುದ್ಧ ಸ್ಪರ್ಧೆಗಿಳಿದರು. ಸ್ಪರ್ಧೆ ಮುಗಿದ ಮೇಲೆ ತ್ಸಾಯ್ ಅವರನ್ನೇ ತಮ್ಮ ಉಪಾಧ್ಯಕ್ಷರನ್ನಾಗಿ ಮಾಡಿಕೊಂಡರು. ಸೋಲಲು ಸಿದ್ಧರಿಲ್ಲದವರು ಪ್ರಜಾಪ್ರಭುತ್ವವನ್ನು ಕಾಪಾಡಲಾರರು.

ನೊಂದವರೇ ನೋಯಿಸುವವರಾಗುವುದನ್ನೂ ನಾವು ಕಂಡಿದ್ದೇವೆ. ‘ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ’ ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ‘ದೊಡ್ಡವರು ನಮ್ಮನ್ನು ತುಳಿಯಬಾರದು’ ಎನ್ನುವ ತೈವಾನ್ ತಾನೇ ಯಾರನ್ನಾದರೂ ತುಳಿದಿದೆಯೇ? ತುಳಿದಿದೆ. ಚೀನಾದಿಂದ ಜನ ಬರುವುದಕ್ಕೆ ಸಾವಿರಾರು ವರ್ಷ ಮೊದಲೇ ಅಲ್ಲಿ ಮೂಲನಿವಾಸಿಗಳಿದ್ದರು. ಈಗ ಅವರು ಜನಸಂಖ್ಯೆಯ ನೂರಕ್ಕೆ ಎರಡು ಮೂರರಷ್ಟು ಮಾತ್ರ. ಬಂದವರೆಲ್ಲ ಅವರ ನೆಲ ಕಸಿದರು, ಭಾಷೆ ಅಳಿಸಿದರು. 2016ರ ಆಗಸ್ಟ್ 1ರಂದು ತ್ಸಾಯ್ ಸರ್ಕಾರದ ಪರವಾಗಿ ಅವರ ಮುಂದೆ ನಿಂತು ವಿಧ್ಯುಕ್ತವಾಗಿ ಕ್ಷಮೆ ಕೇಳಿದರು. ಹಾಗೆ ಕ್ಷಮೆ ಕೇಳಿದ ಮೊದಲ ಅಧ್ಯಕ್ಷರು ಅವರೇ. ಅವರ ತಂದೆಯ ತಾಯಿ ಪೈವಾನ್ ಎಂಬ ಮೂಲನಿವಾಸಿ ಸಮುದಾಯದವರು. ಕ್ಷಮೆಯಿಂದ ಎಲ್ಲ ಸರಿಹೋಗಲಿಲ್ಲ, ಭೂಮಿಯ ಪ್ರಶ್ನೆ ಇನ್ನೂ ಉಳಿದಿದೆ ಎಂದು ಆ ಜನರೇ ಹೇಳುತ್ತಾರೆ. ಆದರೂ ಬಲಶಾಲಿಯ ಮುಂದೆ ತಲೆ ಬಾಗಿಸದ ಹೆಂಗಸು ಬಲಹೀನರ ಮುಂದೆ ತಲೆ ಬಾಗಿಸಿದರು ಎಂಬುದು ಸಣ್ಣ ಮಾತಲ್ಲ. ಯಾರ ಮುಂದೆ ಬಾಗಬೇಕು, ಯಾರ ಮುಂದೆ ಬಾಗಬಾರದು ಎಂಬ ವಿವೇಕವೇ ಇದು.

ತ್ಸಾಯ್ ಮಾಡಿದ್ದೆಲ್ಲವನ್ನೂ ನಾವು ಒಪ್ಪಬೇಕೆಂದೇನೂ ಇಲ್ಲ. 2019ರ ಮೇ ತಿಂಗಳಲ್ಲಿ ಒಂದೇ ಲಿಂಗದವರ ವಿವಾಹಕ್ಕೆ ಕಾನೂನು ಮಾನ್ಯತೆ ಕೊಟ್ಟ ಏಷ್ಯಾದ ಮೊದಲ ನಾಡು ತೈವಾನ್ ಆಯಿತು. ಅದನ್ನು ಅಲ್ಲಿನ ಕಥೋಲಿಕ ಧರ್ಮಸಭೆ ವಿರೋಧಿಸಿತ್ತು. ಆದರೆ ವಿರೋಧಿಸಿದವರು ಸಭೆ ಸೇರಿದರು, ಸಹಿ ಸಂಗ್ರಹಿಸಿದರು. 2018ರ ಜನಮತಗಣನೆಯಲ್ಲಿ ಬಹುಮತ ಅವರ ಕಡೆಗೇ ಬಿದ್ದಿತು. ನ್ಯಾಯಾಲಯದ ತೀರ್ಪಿಗೂ ಜನಮತಕ್ಕೂ ನಡುವೆ ದಾರಿ ಹುಡುಕಿ ಸರ್ಕಾರ ಪ್ರತ್ಯೇಕ ಕಾನೂನು ತಂದಿತು. ಅದು ಸರಿಯೆನ್ನುವವರೂ ತಪ್ಪೆನ್ನುವವರೂ ಅಲ್ಲಿ ಇಂದಿಗೂ ಇದ್ದಾರೆ. ಯಾರನ್ನೂ ರಾತ್ರಿ ಎಳೆದೊಯ್ಯಲಿಲ್ಲ. ನಮಗೆ ಒಪ್ಪಿಗೆಯಿಲ್ಲದ ಕಾನೂನು ಬಂದಾಗಲೂ ಬಾಯಿಬಿಟ್ಟು ಅದನ್ನು ಹೇಳಬಹುದು ಎಂಬುದೇ ಅಲ್ಲವೇ ಸ್ವಾತಂತ್ರ್ಯದ ಬೆಲೆ?

ಎರಡು ಅವಧಿ ಮುಗಿದಾಗ, 2024ರ ಮೇ 20ರಂದು, ತ್ಸಾಯ್ ಅಧಿಕಾರವನ್ನು ಚುನಾವಣೆಯಲ್ಲಿ ಗೆದ್ದ ಲಾಯ್ ಚಿಂಗ್-ತೆ ಅವರಿಗೆ ಒಪ್ಪಿಸಿ ಹೊರನಡೆದರು. ಸಂತ ಎರಡನೇ ಜಾನ್ ಪಾಲ್ ಅವರು 1991ರ ತಮ್ಮ ವಿಶ್ವಪತ್ರದಲ್ಲಿ, ಆಳುವವರನ್ನು ಆರಿಸುವ, ಲೆಕ್ಕ ಕೇಳುವ, ಬೇಕೆನಿಸಿದಾಗ ಶಾಂತಿಯಿಂದ ಬದಲಿಸುವ ಅವಕಾಶ ಜನರಿಗಿರುವುದರಿಂದ ಪ್ರಜಾಪ್ರಭುತ್ವಕ್ಕೆ ಧರ್ಮಸಭೆ ಬೆಲೆ ಕೊಡುತ್ತದೆ ಎಂಬ ಅರ್ಥದ ಮಾತು ಬರೆದಿದ್ದರು. ಆರಿಸುವುದು, ಲೆಕ್ಕ ಕೇಳುವುದು, ಬದಲಿಸುವುದು: ಮೂರೂ ಆ ದ್ವೀಪದಲ್ಲಿ ಉಳಿದಿವೆ.

ಪವಿತ್ರ ಪೀಠದ ನಂಟು

ತೈವಾನಿನಲ್ಲಿ ಕಥೋಲಿಕರು ನೂರಕ್ಕೆ ಒಬ್ಬರಷ್ಟು ಮಾತ್ರ. ಆದರೂ ಆ 12 ರಾಷ್ಟ್ರಗಳ ಪಟ್ಟಿಯಲ್ಲಿ ಯುರೋಪಿನಿಂದ ಉಳಿದ ಹೆಸರು ಒಂದೇ, ಅದು ಪವಿತ್ರ ಪೀಠ. 1971ರಲ್ಲಿ ವಿಶ್ವಸಂಸ್ಥೆಯ ಸ್ಥಾನ ಚೀನಾದ ಪಾಲಾದ ಮೇಲೆ ತೈಪೆಯಲ್ಲಿ ವ್ಯಾಟಿಕನ್ನಿನ ಪೂರ್ಣ ರಾಯಭಾರಿ ಇಲ್ಲ. ಕೆಳಹಂತದ ಪ್ರತಿನಿಧಿ ಮಾತ್ರ ಇದ್ದಾರೆ. ತ್ಸಾಯ್ ಅವರ ಮೊದಲ ಅವಧಿಯ ಉಪಾಧ್ಯಕ್ಷ ಚೆನ್ ಚಿಯೆನ್-ಜೆನ್ ಕಥೋಲಿಕ ವಿಶ್ವಾಸಿ, ಸಾಂಕ್ರಾಮಿಕ ರೋಗಗಳ ವಿಜ್ಞಾನಿ. 2016ರ ಸೆಪ್ಟೆಂಬರ್ 4ರಂದು ನಮ್ಮ ಕೋಲ್ಕತ್ತದ ಮದರ್ ತೆರೇಸಾ ಅವರನ್ನು ಸಂತರೆಂದು ಘೋಷಿಸಿದಾಗ ಅವರು ತೈವಾನಿನ ಪರವಾಗಿ ವ್ಯಾಟಿಕನ್ನಿಗೆ ಬಂದಿದ್ದರು. 2025ರ ಏಪ್ರಿಲ್‌ನಲ್ಲಿ ಪೋಪ್ ಫ್ರಾನ್ಸಿಸ್ ಅವರ ಅಂತ್ಯಸಂಸ್ಕಾರಕ್ಕೂ ತೈವಾನಿನ ಪ್ರತಿನಿಧಿಯಾಗಿ ಬಂದವರು ಅವರೇ.

ಇದೇ ಕಾಲದಲ್ಲಿ, 2018ರ ಸೆಪ್ಟೆಂಬರ್‌ನಲ್ಲಿ, ಧರ್ಮಾಧ್ಯಕ್ಷರ ನೇಮಕದ ಬಗ್ಗೆ ಪವಿತ್ರ ಪೀಠ ಚೀನಾದೊಂದಿಗೆ ತಾತ್ಕಾಲಿಕ ಒಪ್ಪಂದ ಮಾಡಿಕೊಂಡಿತು. ಇದು ಅಗತ್ಯವೆಂದವರೂ ಇದ್ದಾರೆ, ಬಗ್ಗಿದ ಹಾಗಾಯಿತು ಎಂದು ನೊಂದವರೂ ಇದ್ದಾರೆ. ತೈವಾನಿನ ಸಂಬಂಧವನ್ನು ಮಾತ್ರ ಪವಿತ್ರ ಪೀಠ ಕಡಿದುಕೊಂಡಿಲ್ಲ. ಬಲಶಾಲಿಯೊಂದಿಗೆ ಮಾತುಕತೆಗೆ ಕೂರುವುದು ಎಲ್ಲಿ ವಿವೇಕ, ಎಲ್ಲಿಂದ ಮುಂದೆ ಬಗ್ಗುವಿಕೆ ಎಂಬ ಪ್ರಶ್ನೆ ಧರ್ಮಸಭೆಗೂ ತಪ್ಪಿದ್ದಲ್ಲ. ಅದಕ್ಕೆ ಒಂದೇ ಸಲ ಹೇಳಿ ಮುಗಿಸುವ ಉತ್ತರವಿಲ್ಲ. ಪ್ರತಿ ಸಲವೂ ಆತ್ಮಸಾಕ್ಷಿಯನ್ನು ಕೇಳಿಯೇ ಹೆಜ್ಜೆ ಇಡಬೇಕು.

ನಮ್ಮ ಮನೆಗಳಿಗೆ

ದೇಶದ ಮಾತನ್ನು ಮನೆಗೆ ಹಾಗೆಯೇ ಅನ್ವಯಿಸುವಂತಿಲ್ಲ, ನಿಜ. ಆದರೂ ಬಂಧುತ್ವದ ಹೆಸರಿನಲ್ಲಿ ನಡೆಯುವ ಬಲವಂತವನ್ನು ನಾವು ಮೊದಲು ಕಾಣುವುದು ಮನೆಯಲ್ಲೇ. ‘ನಾವೆಲ್ಲ ಒಂದೇ ರಕ್ತ, ಇದಕ್ಕೆಲ್ಲ ಕಾಗದಪತ್ರ ಓದಬೇಕೇ?’ ಎಂದು ತಂಗಿಯಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಅಣ್ಣಂದಿರಿದ್ದಾರೆ. ಪೆಟ್ಟು ತಿಂದು ತವರಿಗೆ ಬಂದ ಮಗಳಿಗೆ ‘ಹೊಂದಿಕೊಂಡು ಹೋಗಮ್ಮಾ’ ಎಂದು ಬಸ್ಸು ಹತ್ತಿಸುವ ತಂದೆತಾಯಿಯರಿದ್ದಾರೆ. ಆ ಮಗಳಿಗೆ ನಾವು ಹೇಳಿಕೊಟ್ಟದ್ದು ತಾಳ್ಮೆಯನ್ನಲ್ಲ, ಬಗ್ಗುವುದನ್ನು. ತಾಳ್ಮೆಗೆ ಬೆನ್ನುಮೂಳೆ ಇರುತ್ತದೆ. ತನ್ನ ಮಾತನ್ನು ಸ್ಪಷ್ಟವಾಗಿ ಹೇಳಿ, ಬೈಗುಳಕ್ಕೆ ಬೈಗುಳ ಸೇರಿಸದೆ, ಮಾತುಕತೆಯ ಬಾಗಿಲು ತೆರೆದಿಟ್ಟು, ತನ್ನ ಜಾಗದಲ್ಲಿ ತಾನು ನಿಲ್ಲುವುದು ತಾಳ್ಮೆ. ಹಾಗೆ ನಿಂತವಳ ಪಕ್ಕದಲ್ಲಿ ಮನೆಯವರು ನಿಲ್ಲದೆ ಹೋದರೆ ಅವಳ ತಾಳ್ಮೆ ಎಷ್ಟು ದಿನ ಉಳಿದೀತು? ಅನಾನಸ್ ಕೊಳ್ಳುವವರಿದ್ದುದರಿಂದಲೇ ಆ ರೈತರು ಉಳಿದರು.

ಎರಡನೆಯ ಪ್ರಶ್ನೆಯೂ ಅಷ್ಟೇ ಮುಖ್ಯ. ನಮ್ಮ ಮನೆಯಲ್ಲಿ ನನಗಿಂತ ಬಲಹೀನರು ಯಾರು? ಸೊಸೆಯೇ, ಮನೆಗೆಲಸದ ಹುಡುಗಿಯೇ, ದುಡಿಮೆ ನಿಂತು ಹೋದ ಮುದಿ ತಂದೆಯೇ? ಅವರು ನನಗೆ ‘ಇಲ್ಲ’ ಎಂದು ಹೇಳಬಲ್ಲರೇ? ಹೇಳಿದರೆ ನಾನು ಮಾತು ಬಿಡುತ್ತೇನೆಯೇ, ಖರ್ಚಿಗೆ ಕೊಡುವ ದುಡ್ಡು ನಿಲ್ಲಿಸುತ್ತೇನೆಯೇ? ಮೇಲಿನವರ ಬಲವಂತಕ್ಕೆ ಬಗ್ಗದಿರುವುದು ಅರ್ಧ ಕೆಲಸ. ಕೆಳಗಿನವರನ್ನು ಬಗ್ಗಿಸದಿರುವುದು ಉಳಿದರ್ಧ.

ತೈವಾನಿನ ನಾಳೆ ಹೇಗಿರುತ್ತದೆಂದು ಯಾರೂ ಬಲ್ಲವರಿಲ್ಲ. ಯುದ್ಧವಿಮಾನಗಳು ಇಂದಿಗೂ ಆ ದ್ವೀಪದ ಸುತ್ತ ಹಾರಾಡುತ್ತಿವೆ. ಅಲ್ಲಿನ ತಾಯಂದಿರಿಗೆ ಇಂದಿಗೂ ಮಕ್ಕಳ ಚಿಂತೆ ಇದೆ. ಅವರಿಗಾಗಿ ಪ್ರಾರ್ಥಿಸೋಣ. ಜಲಸಂಧಿಯ ಆಚೆ ದಡದಲ್ಲಿ ಸೈನ್ಯಕ್ಕೆ ಮಕ್ಕಳನ್ನು ಕಳಿಸಿರುವ ತಾಯಂದಿರಿಗಾಗಿಯೂ ಪ್ರಾರ್ಥಿಸೋಣ, ಅವರ ಚಿಂತೆಯೂ ಅದೇ. ಮುಂದೆ ಯಾರಿಗಾದರೂ ‘ಸ್ವಲ್ಪ ಸಹಿಸಿಕೋ’ ಎಂದು ಬುದ್ಧಿ ಹೇಳುವ ಮುನ್ನ ಒಂದು ಕ್ಷಣ ನಿಂತು ಕೇಳಿಕೊಳ್ಳೋಣ: ನಾನು ಇವರಿಗೆ ತಾಳಲು ಹೇಳುತ್ತಿದ್ದೇನೆಯೇ, ಬಗ್ಗಲು ಹೇಳುತ್ತಿದ್ದೇನೆಯೇ?